ಒಡೆಯದ ಮೊಟ್ಟೆಯ ಸಾಕ್ಷಿ

ಇಟ್ಟದ್ದು 30, ಬಂದದ್ದು 8. ಮಳೆಗಾಲದಲ್ಲಿ ಬಾತುಮರಿ ಮಾಡಿಸಲು ಹೊರಟವರ ಮನೆಯಲ್ಲಿ ಕೇಳುವ ಗೊಣಗಾಟ ಇದು. ತಪ್ಪು ಪೆಟ್ಟಿಗೆಯದೋ, ಬಾತಿನದೋ, ಕರೆಂಟಿನದೋ? ಉತ್ತರ ಇರುವುದು ನಾವು ತಿಪ್ಪೆಗೆ ಎಸೆಯುವ ಮೊಟ್ಟೆಯೊಳಗೆ.

ತೀರ್ಥಹಳ್ಳಿ ಕಡೆಯ ಒಂದು ಮನೆ. ಆಷಾಢದ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿದೆ. ಜಗಲಿಯ ಸ್ಟೂಲಿನ ಮೇಲೆ ಬಿಳಿ ಥರ್ಮಾಕೋಲ್ ಪೆಟ್ಟಿಗೆ. ಅದರ ಕೆಂಪು ಅಂಕಿ 37.5 ಎಂದು ತೋರಿಸುತ್ತಿದೆ. ಒಳಗೆ ಎಂಟು ಬಾತುಮರಿಗಳು ಒಂದರ ಮೇಲೊಂದು ಬಿದ್ದು ಚೀಂಗುಡುತ್ತಿವೆ. ಪಕ್ಕದಲ್ಲೇ 22 ಮೊಟ್ಟೆ ಮಿಸುಕದೆ ಕೂತಿವೆ. ಇವತ್ತಿಗೆ 30ನೇ ದಿನ.

ಮನೆಯೊಡತಿ ಆ ಮೊಟ್ಟೆಗಳನ್ನು ಬುಟ್ಟಿಗೆ ತುಂಬಿಕೊಂಡು ತೆಂಗಿನ ಬುಡಕ್ಕೆ ಹೊರಟಿದ್ದಾರೆ. ಅಷ್ಟರಲ್ಲಿ ಕೊಡೆ ಮಡಚುತ್ತ ಒಬ್ಬರು ಮೆಟ್ಟಿಲು ಹತ್ತಿದರು. ಪಶುಪಾಲನಾ ಇಲಾಖೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಊರಿಗೆಲ್ಲ ಅವರು ಡಾಕ್ಟ್ರೇ.

"ಎಂತ ಮಾಡ್ತಿದ್ದಿ ಮಾರಾಯ್ತಿ? ಎಸೀಬೇಡ. ಒಂದು ಹಳೇ ತಟ್ಟೆ, ಒಂದು ಚಮಚ ತಾ."

"ಎಂತಕ್ಕೆ ಡಾಕ್ಟ್ರೆ? ಸತ್ತು ಹೋಗಿದಾವೆ."

"ಸತ್ತದ್ದು ಗೊತ್ತು. ಯಾವತ್ತು ಸತ್ತವು ಅಂತ ನೋಡುವ."

ಅಂಗಳದಂಚಿನ ಮಾಡಿನ ಕೆಳಗೆ ತಟ್ಟೆ ಇಟ್ಟು, ಮೊಟ್ಟೆಯ ಅಗಲ ತುದಿಯನ್ನು ಚಮಚದಲ್ಲಿ ತಟ್ಟಿ ಬಿಡಿಸತೊಡಗಿದರು. ಅರ್ಧ ಗಂಟೆಯಲ್ಲಿ 22 ಮೊಟ್ಟೆಗಳು ಐದು ಗುಂಪಾದವು. ಏನೂ ಬೆಳೆಯದವು ಆರು. ರಕ್ತದ ಉಂಗುರ ಕಂಡವು ಮೂರು. ನಾರುತ್ತಿದ್ದದ್ದು ಒಂದು. ನಡುವಿನಲ್ಲಿ ಬೆಳವಣಿಗೆ ನಿಂತವು ಎರಡು. ಉಳಿದ ಹತ್ತರೊಳಗೆ ಪುಕ್ಕ, ಕೊಕ್ಕು, ಉಗುರು ಎಲ್ಲ ಮೂಡಿದ ಪೂರ್ತಿ ಮರಿಗಳು, ಹೊರಬರಲಾಗದೆ ಸತ್ತವು.

ಮೊಟ್ಟೆ ಒಡೆಯದಿದ್ದರೆ "ಈ ಸಲ ಫಲ ಬರಲಿಲ್ಲ" ಎಂಬ ಒಂದೇ ಸಾಲು ಉಳಿಯುತ್ತಿತ್ತು. ಒಡೆದ ಮೇಲೆ ಐದು ಬೇರೆ ಬೇರೆ ಕಾರಣ ಸಿಕ್ಕವು. ಅದರಲ್ಲಿ ನಾಲ್ಕು ಪೆಟ್ಟಿಗೆಗೆ ಸಂಬಂಧವೇ ಇಲ್ಲದವು.

ಕಾವು ಮರೆತ ಹಕ್ಕಿ

ಬಾತುಕೋಳಿ ತಾನೇ ಕೂತು ಮರಿ ಮಾಡಬಾರದೇ ಎಂದು ಕೇಳುವವರಿದ್ದಾರೆ. ಹೆಚ್ಚು ಮೊಟ್ಟೆಗಾಗಿ ಮನುಷ್ಯ ಆರಿಸಿ ಬೆಳೆಸಿದ ತಳಿಗಳಲ್ಲಿ ಕಾವಿಗೆ ಕೂರುವ ಗುಣ ಬಹುಪಾಲು ಅಳಿಸಿಹೋಗಿದೆ. ಕಾವಿಗೆ ಕೂತ ಹಕ್ಕಿ ಮೊಟ್ಟೆ ಇಡುವುದಿಲ್ಲವಲ್ಲ!

ಖಾಕಿ ಕ್ಯಾಂಪ್‌ಬೆಲ್ ಇದಕ್ಕೆ ದೊಡ್ಡ ಉದಾಹರಣೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಯೂಲೀ ಎಂಬ ಹಳ್ಳಿಯಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೂಪಿಸಿದ ತಳಿ ಇದು. ಇಂಡಿಯನ್ ರನ್ನರ್, ರೂಆನ್, ಕಾಡುಬಾತು ಇವುಗಳ ಬೆರಕೆ. ಇಂಡಿಯನ್ ರನ್ನರ್ ಹೆಸರಿನಲ್ಲಿ ಮಾತ್ರ ಇಂಡಿಯನ್. ಅದರ ಮೂಲ ಇಂಡೋನೇಷ್ಯಾ ಕಡೆಯದು. ಚೆನ್ನಾಗಿ ಸಾಕಿದರೆ ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುತ್ತದೆ. ಅದರ ಮೇಲೆ ಕೂರುವ ಕೆಲಸ ಮಾತ್ರ ಬೇರೆಯವರದು.

ಹಾಗಾಗಿಯೇ ನಮ್ಮ ಹಳ್ಳಿಗಳಲ್ಲಿ ಬಾತಿನ ಮೊಟ್ಟೆಗೆ ನಾಟಿ ಹೇಂಟೆಯನ್ನು ಕೂರಿಸುವುದು. ಕೋಳಿಮೊಟ್ಟೆಗೆ 21 ದಿನ, ಬಾತಿಗೆ 28. ಹೇಂಟೆ ಪಾಪ ಒಂದು ವಾರ ಹೆಚ್ಚಿಗೆ ಕೂರಬೇಕು. ಎಂಟು–ಹತ್ತಕ್ಕಿಂತ ಹೆಚ್ಚು ಮೊಟ್ಟೆ ಅದರ ಹೊಟ್ಟೆಯಡಿ ಹಿಡಿಯುವುದೂ ಇಲ್ಲ. 30–40 ಮೊಟ್ಟೆ ಸೇರಿದ ಕೂಡಲೇ ಜನ ಇನ್‌ಕ್ಯುಬೇಟರ್ ಕೊಳ್ಳುತ್ತಾರೆ. ಅದರೊಳಗೆ ಬರುವ ಸೂಚನೆಯ ಹಾಳೆ ಸಾಮಾನ್ಯವಾಗಿ ಕೋಳಿಮೊಟ್ಟೆಯದು. ಬಾತಿನದೆಂದು ಒಂದೆರಡು ಸಾಲು ಇದ್ದರೆ ಪುಣ್ಯ.

◼ ಹೆಸರಘಟ್ಟದ ಬಾತು
ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಬಾತುಕೋಳಿ ತಳಿ ಕೇಂದ್ರವಿತ್ತು. ಈಗ ಅದು ಅಲ್ಲಿನ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಭಾಗ. ಮೊಟ್ಟೆಗೆ ಖಾಕಿ ಕ್ಯಾಂಪ್‌ಬೆಲ್, ಮಾಂಸಕ್ಕೆ ವೈಟ್ ಪೆಕಿನ್ ಇಲ್ಲಿನ ಹೆಸರಾದ ತಳಿಗಳು. ಎರಡಕ್ಕೂ ಕಾವಿನ ಅವಧಿ 28 ದಿನ. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೊವಿ ಬಾತಿನ ಮೊಟ್ಟೆಗೆ ಮಾತ್ರ ಸುಮಾರು 35 ದಿನ ಬೇಕು. ಇದು ತಿಳಿಯದೆ 29ನೇ ದಿನಕ್ಕೆ ಜೀವಂತ ಮೊಟ್ಟೆ ಎಸೆದವರೂ ಉಂಟು.

ಆರು ಖಾಲಿ ಮೊಟ್ಟೆ

ತಟ್ಟೆಗೆ ಬಿದ್ದ ಮೊದಲ ಗುಂಪಿನಲ್ಲಿ ಹಳದಿ ಹಾಗೇ ಇತ್ತು. ಬೆಳವಣಿಗೆಯ ಗುರುತೇ ಇಲ್ಲ.

"ಹೆಣ್ಣು ಎಷ್ಟುಂಟು?"

"ಹದಿನೆಂಟು."

"ಗಂಡು?"

"ಒಂದೇ. ಇನ್ನೊಂದನ್ನ ಹಬ್ಬಕ್ಕೆ..."

ಡಾಕ್ಟ್ರು ಮುಂದೆ ಕೇಳಲಿಲ್ಲ. ಖಾಕಿ ಕ್ಯಾಂಪ್‌ಬೆಲ್‌ನಂಥ ಹಗುರ ತಳಿಯಲ್ಲಿ ಆರೇಳು ಹೆಣ್ಣಿಗೆ ಒಂದು ಗಂಡು ಬೇಕು. ಪೆಕಿನ್‌ನಂಥ ಭಾರಿ ತಳಿಗೆ ಐದಕ್ಕೊಂದು. ಹದಿನೆಂಟಕ್ಕೆ ಒಂದು ಎಂದರೆ ಆರೇ ಖಾಲಿ ಬಂದದ್ದು ಆ ಗಂಡಿನ ಸಾಹಸವೆನ್ನಬೇಕು. ಹಿಂಡಿನಲ್ಲಿ ಮಸ್ಕೊವಿ ಗಂಡು ಸೇರಿಕೊಂಡಿದ್ದರೂ ಖಾಲಿ ಮೊಟ್ಟೆ ಹೆಚ್ಚು. ಬೇರೆ ಬಾತಿನೊಡನೆ ಅದರ ಸಂಕರ ಫಲಿಸುವುದು ಕಡಿಮೆ, ಫಲಿಸಿದರೂ ಹುಟ್ಟುವ ಮರಿಗಳು ಬಂಜೆ.

ಖಾಲಿ ಮೊಟ್ಟೆಯನ್ನು 28 ದಿನ ಕಾಯಬೇಕಾಗಿಯೂ ಇಲ್ಲ. ಏಳನೇ ದಿನ ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಮೊಟ್ಟೆಯ ಅಗಲ ತುದಿಗೆ ಒತ್ತಿ ಹಿಡಿದರೆ ಸಾಕು. ಜೀವವಿರುವ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡರ ಬಲೆಯ ಹಾಗೆ ಹರಡಿದ ರಕ್ತನಾಳಗಳು ಕಾಣುತ್ತವೆ. ಖಾಲಿಯದು ಪೂರ್ತಿ ತಿಳಿ. ಬಲೆ ಮಾಯವಾಗಿ ಬರೀ ಕೆಂಪು ಉಂಗುರ ಉಳಿದಿದ್ದರೆ, ಭ್ರೂಣ ಹುಟ್ಟಿ ಮೊದಲ ದಿನಗಳಲ್ಲೇ ಸತ್ತಿದೆ.

ಎರಡನೇ ಗುಂಪಿನ ಮೂರರ ಕತೆ ಈ ಉಂಗುರದ್ದು. ಇಲ್ಲಿ ತಪ್ಪು ಬಹುತೇಕ ಪೆಟ್ಟಿಗೆಗೆ ಇಡುವ ಮುಂಚೆಯೇ ಆಗಿರುತ್ತದೆ. ಈ ಮನೆಯಲ್ಲಿ ಮೊಟ್ಟೆ ಕೂಡಿಹಾಕಿದ್ದು 12 ದಿನ, ಅಡುಗೆಮನೆಯ ಬುಟ್ಟಿಯಲ್ಲಿ, ಒಲೆಯ ಹತ್ತಿರ. ಮರಿ ಮಾಡಿಸುವ ಮೊಟ್ಟೆಯನ್ನು ಒಂದು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು. ಅಲ್ಲಿಂದಾಚೆ ದಿನದಿನಕ್ಕೂ ಫಲ ಇಳಿಯುತ್ತದೆ. ಇಡುವ ಜಾಗ 13ರಿಂದ 16 ಡಿಗ್ರಿಯ ತಂಪಿನಲ್ಲಿದ್ದರೆ ಒಳ್ಳೆಯದು. ಅಷ್ಟು ತಂಪು ನಮ್ಮಲ್ಲಿ ಸಿಗದು ಎಂದು ಫ್ರಿಜ್ಜಿನಲ್ಲಿಟ್ಟರೆ ಅದು ನಾಲ್ಕೈದು ಡಿಗ್ರಿ, ಭ್ರೂಣಕ್ಕೆ ತೀರಾ ಚಳಿ. ಮನೆಯ ಅತಿ ತಂಪಾದ ಮೂಲೆ, ಒದ್ದೆ ಬಟ್ಟೆ ಸುತ್ತಿದ ಮಡಕೆ, ಐದಾರು ದಿನದ ಗಡುವು: ಮನೆಮಟ್ಟದಲ್ಲಿ ಇದಕ್ಕಿಂತ ಹೆಚ್ಚೇನೂ ಬೇಡ.

ತೊಳೆದು ಕೆಟ್ಟದ್ದು

ನಾರುತ್ತಿದ್ದ ಒಂದನ್ನು ಡಾಕ್ಟ್ರು ಒಡೆಯಲೇ ಇಲ್ಲ. ದೂರ ಒಯ್ದು ಗುಂಡಿ ತೋಡಿ ಹೂಳಿಸಿದರು. ಕೊಳೆತ ಮೊಟ್ಟೆಯೊಳಗೆ ಅನಿಲ ಕಟ್ಟಿಕೊಂಡಿರುತ್ತದೆ. ಪೆಟ್ಟಿಗೆಯೊಳಗೇ ಸಿಡಿದರೆ ಅದರ ರಸ ಉಳಿದ ಮೊಟ್ಟೆಗಳ ಮೇಲೂ ಬಿದ್ದು ಒಂದರ ರೋಗ ಹತ್ತಕ್ಕೆ ಹತ್ತುತ್ತದೆ. ವಾಸನೆಯಂತೂ ವಾರಗಟ್ಟಲೆ ಹೋಗುವುದಿಲ್ಲ.

ಬಾತು ಮೊಟ್ಟೆ ಇಡುವುದು ಬೆಳಗಿನ ಜಾವ, ಸಿಕ್ಕಲ್ಲಿ: ಕೆಸರಿನಲ್ಲಿ, ಸಗಣಿಯಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ. ಕೊಳಕು ಮೊಟ್ಟೆಯನ್ನು ಮನೆಯವರು ನಲ್ಲಿಯ ತಣ್ಣೀರಿನಲ್ಲಿ ಉಜ್ಜಿ ತೊಳೆಯುತ್ತಾರೆ. ಕೆಡುವುದು ಅಲ್ಲೇ. ತಣ್ಣೀರು ತಾಗಿದಾಗ ಮೊಟ್ಟೆಯ ಒಳಭಾಗ ಕುಗ್ಗಿ, ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಹೊರಗಿನ ನೀರನ್ನೂ ಅದರ ಜೊತೆ ರೋಗಾಣುಗಳನ್ನೂ ಒಳಗೆಳೆದುಕೊಳ್ಳುತ್ತದೆ. ತೊಳೆಯಲೇಬೇಕಾದರೆ ನೀರು ಮೊಟ್ಟೆಗಿಂತ ಬೆಚ್ಚಗಿರಬೇಕು, ಕೈಗೆ ಬಿಸಿ ತಾಗುವ 43 ಡಿಗ್ರಿಯಷ್ಟು. ತೀರಾ ಕೊಳಕಾದವನ್ನು ಆಮ್ಲೆಟ್ಟಿಗೂ ಮರಿಗೂ ಬೇಡವೆಂದು ಬಿಡುವುದೇ ಜಾಣತನ. ಗೂಡಿಗೆ ದಿನಾ ಒಣ ಹುಲ್ಲು ಹಾಕಿ, ಬೆಳಿಗ್ಗೆ ಬಾತನ್ನು ಹೊರಗೆ ಬಿಟ್ಟ ಕೂಡಲೇ ಮೊಟ್ಟೆ ಹೆಕ್ಕಿದರೆ ತೊಳೆಯುವ ಪ್ರಸಂಗವೇ ಕಡಿಮೆ.

ನಡುವಿನಲ್ಲಿ ನಿಂತ ಎರಡು ಮೊಟ್ಟೆಯ ಬಗ್ಗೆ ಡಾಕ್ಟ್ರು ಕೇಳಿದ್ದು, "ಎಂತ ತಿನ್ನಿಸ್ತಿದ್ದಿ?" ಅಕ್ಕಿತೌಡು, ಉಳಿದ ಅನ್ನ, ಮಳೆ ಹಿಡಿದ ಮೇಲೆ ಗೂಡಲ್ಲೇ ವಾಸ. ಗದ್ದೆಗೆ ಬಿಟ್ಟ ಬಾತು ಶಂಖದಹುಳು, ಎರೆಹುಳು, ಹಸಿರು ಹೆಕ್ಕಿ ತನ್ನ ಕೊರತೆ ತಾನೇ ತುಂಬಿಕೊಳ್ಳುತ್ತದೆ. ಕೂಡಿಹಾಕಿದ ಬಾತಿಗೆ ತೌಡು ಮಾತ್ರ ಸಿಕ್ಕರೆ ಮೊಟ್ಟೆಯೇನೋ ಬರುತ್ತದೆ, ಮರಿ ಬೆಳೆಯಲು ಬೇಕಾದ ಸತ್ವ ಅದರಲ್ಲಿರುವುದಿಲ್ಲ. ರೈಬೋಫ್ಲಾವಿನ್ ಎಂಬ ಬಿ2 ವಿಟಮಿನ್ ಕೊರತೆಯಾದರೆ ಭ್ರೂಣ ಸಾಯುವುದು ಹೆಚ್ಚಾಗಿ ಈ ನಡುಗಾಲದಲ್ಲೇ.

ಮಳೆಗಾಲದಲ್ಲಿ ಇನ್ನೊಂದು ಅಪಾಯ ಬೂಷ್ಟು ಹಿಡಿದ ಹಿಂಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಸತ್ತವು, ಬಾತುಮರಿಗಳೂ ಸತ್ತವು. ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ, ಅದರೊಳಗಿನ ಬೂಷ್ಟು, ಆ ಬೂಷ್ಟಿನ ವಿಷ. ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆ ಹುಡುಕಾಟದಿಂದ. ಈ ವಿಷಕ್ಕೆ ಬಾತುಮರಿ ಎಷ್ಟು ಸೂಕ್ಷ್ಮವೆಂದರೆ ಆಗ ಪ್ರಯೋಗಾಲಯಗಳಲ್ಲಿ ವಿಷ ಪತ್ತೆಗೆ ಬಳಸಿದ್ದು ಒಂದು ದಿನದ ಬಾತುಮರಿಗಳನ್ನೇ. ಎಮ್ಮೆಗೆ ಆಗದ ಬೂಷ್ಟು ಹಿಂಡಿಯನ್ನು "ಬಾತಿಗಾದರೂ ಆಗಲಿ" ಎಂದು ಸುರಿಯುವವರು ಇದನ್ನು ನೆನಪಿಡಬೇಕು.

ನೀರುಹಕ್ಕಿಗೆ ನೀರೇ ಮುಳುವು

ಈಗ ಉಳಿದ ಹತ್ತು. ಇವೇ ಹೊಟ್ಟೆ ಉರಿಸುವವು. ಇಪ್ಪತ್ತೈದು, ಇಪ್ಪತ್ತಾರು ದಿನ ಬದುಕಿ, ಬಾಗಿಲವರೆಗೆ ಬಂದು ಸತ್ತವು.

ಒಡೆದಾಗ ಒಳಗೆ ನೀರು ಹರಿಯಿತು. ಮರಿಯ ಕುತ್ತಿಗೆ ಊದಿಕೊಂಡಿತ್ತು, ಪುಕ್ಕ ಅಂಟಂಟು, ಅಗಲ ತುದಿಯ ಗಾಳಿಕೋಣೆ ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ.

"ಪೆಟ್ಟಿಗೆಗೆ ನೀರು ಎಷ್ಟು ಹಾಕ್ತಿದ್ದೆ?"

"ಎರಡೂ ತೊಟ್ಟಿ ತುಂಬ. ಬಾತಲ್ವ ಡಾಕ್ಟ್ರೆ, ನೀರಿಂದು."

ಬಾತಿನ ಮೊಟ್ಟೆ ಸೋಲುವಲ್ಲೆಲ್ಲ ಕೇಳಿಬರುವ ತಪ್ಪು ನಂಬಿಕೆ ಇದೇ. ಮೊಟ್ಟೆ ಕಾವಿನಲ್ಲಿರುವಾಗ ನೀರು ಕಳೆದುಕೊಳ್ಳಲೇಬೇಕು. ಇಟ್ಟ ದಿನದಿಂದ 25ನೇ ದಿನದೊಳಗೆ ಅದರ ತೂಕ ಶೇ 12–14ರಷ್ಟು ಇಳಿಯಬೇಕು. ಆವಿಯಾದ ನೀರಿನ ಜಾಗಕ್ಕೆ ಗಾಳಿ ಬಂದು, ಗಾಳಿಕೋಣೆ ಹಿಗ್ಗುತ್ತ ಕೊನೆಗೆ ಮೊಟ್ಟೆಯ ಮೂರನೇ ಒಂದು ಭಾಗದಷ್ಟಾಗುತ್ತದೆ. ಮರಿ ಮೊದಲು ಕೊಕ್ಕಿನಿಂದ ಒಳಪೊರೆ ಹರಿದು ಈ ಕೋಣೆಯ ಗಾಳಿಯನ್ನೇ ಉಸಿರಾಡುತ್ತದೆ. ಅದರ ಜೀವನದ ಮೊದಲ ಉಸಿರು ಅದು. ಕೋಣೆ ಚಿಕ್ಕದಿದ್ದರೆ ಗಾಳಿ ಸಾಲದು, ಹೊರಳಲು ಜಾಗವಿಲ್ಲ, ಸುತ್ತ ನೀರು. ಮರಿ ಮೊಟ್ಟೆಯೊಳಗೇ ಮುಳುಗಿ ಸಾಯುತ್ತದೆ.

ಪುಸ್ತಕಗಳಲ್ಲಿ ಮೊದಲ 25 ದಿನಕ್ಕೆ ಶೇ 55–60 ತೇವಾಂಶ, ಕೊನೆಯ ಮೂರು ದಿನಕ್ಕೆ ಶೇ 70–75 ಎಂದಿರುತ್ತದೆ. ಆ ಅಂಕಿ ತಪ್ಪಲ್ಲ. ಆದರೆ ಅದನ್ನು ತಲುಪಲು ಎಷ್ಟು ನೀರು ಹಾಕಬೇಕೆಂಬುದು ಊರಿನಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆ. ಮಲೆನಾಡಿನ ಆಷಾಢದಲ್ಲಿ ಕೋಣೆಯ ಗಾಳಿ 25 ಡಿಗ್ರಿ, ತೇವಾಂಶ ಶೇ 90 ಇದೆ ಎನ್ನಿ. ಅದೇ ಗಾಳಿಯನ್ನು 37.5 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರು ಸೇರಿಸದೆಯೂ ಪೆಟ್ಟಿಗೆಯೊಳಗೆ ಶೇ 44ರಷ್ಟು ತೇವವಿರುತ್ತದೆ. ಅದಕ್ಕೆ ಮೊಟ್ಟೆಗಳೇ ಬಿಡುವ ಆವಿ ಸೇರಿತು. ಇನ್ನು ಬೇಕಾದದ್ದು ಒಂದು ಬಟ್ಟಲು ನೀರು, ಕೆಲವು ವಾರ ಅದೂ ಬೇಡ. ಎರಡು ತೊಟ್ಟಿ ತುಂಬಿಸಿದರೆ ಮೊಟ್ಟೆ ಒಣಗುವುದೆಲ್ಲಿಂದ?

ರಾಯಚೂರಿನ ಬೇಸಿಗೆಯಲ್ಲಿ ಲೆಕ್ಕ ತಿರುಗುಮುರುಗು. 35 ಡಿಗ್ರಿ, ಶೇ 25 ತೇವವಿರುವ ಗಾಳಿಯನ್ನು ಪೆಟ್ಟಿಗೆಗೆ ಬಿಟ್ಟರೆ ಒಳಗೆ ಉಳಿಯುವುದು ಬರೀ ಶೇ 22. ಅಲ್ಲಿ ತೊಟ್ಟಿ ತುಂಬಿಸಿದರೂ ಸಾಲದೆ ಒದ್ದೆ ಸ್ಪಂಜು ಇಡಬೇಕಾದೀತು. ಅಲ್ಲಿ ಸತ್ತ ಮರಿ ಊದಿಕೊಂಡಿರುವುದಿಲ್ಲ. ಸಣ್ಣಗಿರುತ್ತದೆ, ಒಣಗಿದ ಪೊರೆ ಮೈಗೆ ಬಿಗಿದಿರುತ್ತದೆ. ಇನ್ನೊಂದು ತೊಡಕು: ಮನೆಯೊಳಗೇ 40 ಡಿಗ್ರಿಯಾದರೆ ಇನ್‌ಕ್ಯುಬೇಟರ್ ಏನೂ ಮಾಡಲಾರದು. ಅದಕ್ಕೆ ಕಾಯಿಸಲು ಬರುತ್ತದೆ, ತಣಿಸಲು ಬರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಬಯಲುಸೀಮೆಯವರು ಮರಿ ಮಾಡಿಸುವ ಗೊಡವೆಗೇ ಹೋಗದಿದ್ದರೆ ಲೇಸು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ನಂಬುವುದು ಯಾವುದನ್ನು? ತಕ್ಕಡಿಯನ್ನು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹತ್ತು ಮೊಟ್ಟೆ ಒಟ್ಟಿಗೆ ತೂಗಿ ಬರೆದಿಡಿ. 700 ಗ್ರಾಂ ಇದ್ದರೆ ಹತ್ತನೇ ದಿನ 664ರ ಸುತ್ತಮುತ್ತ ಇರಬೇಕು. 680 ಇದೆಯೇ? ನೀರು ತೆಗೆಯಿರಿ, ಗಾಳಿಕಿಂಡಿ ತೆರೆಯಿರಿ. 645ಕ್ಕೆ ಇಳಿದಿದೆಯೇ? ನೀರು ಹೆಚ್ಚಿಸಿ. ತಕ್ಕಡಿ ಇಲ್ಲದವರು ಟಾರ್ಚು ಹಿಡಿದು ಗಾಳಿಕೋಣೆಯ ಅಂಚನ್ನು ವಾರಕ್ಕೊಮ್ಮೆ ಪೆನ್ಸಿಲ್ಲಿನಲ್ಲಿ ಗುರುತಿಸಿದರೂ ಸಾಕು.

◼ ಉಪ್ಪಿನ ಪರೀಕ್ಷೆ
ತೇವಾಂಶ ಮಾಪಕ ಸುಳ್ಳು ಹೇಳುತ್ತಿದೆಯೇ? ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ಮಾತ್ರ ನೀರು ಬೆರೆಸಿ. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. ಎಷ್ಟು ಹೆಚ್ಚುಕಮ್ಮಿ ತೋರಿಸುತ್ತದೋ ಅಷ್ಟು ಅದರ ದೋಷ. ಶಾಖಮಾಪಕಕ್ಕೆ ಇನ್ನೂ ಸುಲಭ: ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಥರ್ಮಾಮೀಟರ್ ಜೊತೆ ಅದ್ದಿ ಹೋಲಿಸಿ. ಪೆಟ್ಟಿಗೆಯ ಸೆನ್ಸರನ್ನು ನೀರಿಗೆ ಅದ್ದಬೇಡಿ. ಬೇರೊಂದು ಥರ್ಮಾಮೀಟರನ್ನು ಹೀಗೆ ಪರೀಕ್ಷಿಸಿ ಒಳಗಿಡಿ.

ಅರ್ಧ ಡಿಗ್ರಿಯ ಆಟ

ಪೆಟ್ಟಿಗೆಯ ಕೆಂಪು ಅಂಕಿ 37.5 ಎಂದ ಮಾತ್ರಕ್ಕೆ ಮೊಟ್ಟೆಗೆ ಅಷ್ಟೇ ಶಾಖ ಸಿಗುತ್ತಿದೆ ಎಂದಲ್ಲ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಸರಿ. ಫ್ಯಾನ್ ಇಲ್ಲದ್ದರಲ್ಲಿ ಬಿಸಿಗಾಳಿ ಮೇಲೆ, ತಣ್ಣಗಿನದು ಕೆಳಗೆ ನಿಲ್ಲುವುದರಿಂದ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದು 38.3ರಿಂದ 38.9 ಇಡಬೇಕಾಗುತ್ತದೆ.

ದಿನಗಣನೆಯೇ ಶಾಖದ ಸಾಕ್ಷಿ. ಮರಿಗಳು 26ನೇ ದಿನಕ್ಕೇ ಹೊರಬಂದು ಹೊಕ್ಕುಳು ಹಸಿಯಾಗಿದ್ದರೆ ಶಾಖ ಹೆಚ್ಚಾಗಿತ್ತು. 30ರವರೆಗೆ ಎಳೆದು, ಮೆತ್ತಗೆ ಸೋತಂತಿದ್ದರೆ ಕಡಿಮೆಯಾಗಿತ್ತು.

ಕರೆಂಟು ಹೋಯಿತೆಂದು ಎದೆ ಒಡೆದುಕೊಳ್ಳುವುದು ಬೇಡ. ಭ್ರೂಣ ಒಂದೆರಡು ಗಂಟೆಯ ಚಳಿಯನ್ನು ತಾಳುತ್ತದೆ, ಬಿಸಿಯನ್ನು ತಾಳುವುದಿಲ್ಲ. ಮುಚ್ಚಳ ತೆರೆಯದೆ ಕಂಬಳಿ ಹೊದಿಸಿದರೆ ಆಯಿತು. ಕೊನೆಯ ವಾರದಲ್ಲಿ ಮಾತ್ರ ಗಾಳಿಕಿಂಡಿ ಮುಚ್ಚಬಾರದು. ಆಗ ಮೊಟ್ಟೆಗಳೇ ಶಾಖ ಬಿಡುತ್ತಿರುತ್ತವೆ, ಉಸಿರೂ ಜಾಸ್ತಿ ಬೇಕು.

ಮೊಟ್ಟೆ ತಿರುಗಿಸುವುದರಲ್ಲೂ ಒಂದು ಮೋಸವಿದೆ. ಕೋಳಿಮೊಟ್ಟೆಯ ಅಳತೆಗೆ ಮಾಡಿದ ಆಟೋ ಟರ್ನರ್‌ನಲ್ಲಿ ಬಾತಿನ ದಪ್ಪ ಮೊಟ್ಟೆ ಪೂರ್ತಿ ಉರುಳುವುದಿಲ್ಲ. ಮೋಟಾರು ಗುಂಯ್‌ಗುಡುತ್ತದೆ, ಮೊಟ್ಟೆ ಇದ್ದಲ್ಲೇ ಇರುತ್ತದೆ. ಒಂದು ಬದಿಗೆ ಗುಣಿಸು ಗುರುತು, ಇನ್ನೊಂದು ಬದಿಗೆ ಸೊನ್ನೆ ಬರೆದಿಟ್ಟರೆ ತಿರುಗಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೈಯಲ್ಲಾದರೆ ದಿನಕ್ಕೆ ಮೂರೋ ಐದೋ ಸಲ. ಬೆಸ ಸಂಖ್ಯೆಯಾದರೆ ದೀರ್ಘವಾದ ರಾತ್ರಿ ಒಂದೇ ಮಗ್ಗುಲಿನ ಪಾಲಾಗುವುದಿಲ್ಲ. 25ನೇ ದಿನದ ನಂತರ ತಿರುಗಿಸುವಂತಿಲ್ಲ.

◼ ಕಣ್ಣರೆಪ್ಪೆಯ ಥರ್ಮಾಮೀಟರ್
ಚೀನಾದಲ್ಲಿ ಶತಮಾನಗಳಿಂದ ಯಂತ್ರವಿಲ್ಲದೆ ಸಾವಿರಾರು ಬಾತುಮೊಟ್ಟೆ ಮರಿ ಮಾಡಿಸುತ್ತಿದ್ದವರು ಮೊಟ್ಟೆಯನ್ನು ಕಣ್ಣರೆಪ್ಪೆಗೆ ಒತ್ತಿ ಶಾಖ ಅಳೆಯುತ್ತಿದ್ದರು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬಾತಿನ ಮೊಟ್ಟೆಗಳನ್ನು ಬಟ್ಟೆಯಲ್ಲಿ ಕಟ್ಟಿ, ಸುತ್ತ ಭತ್ತದ ಉಮಿ ತುಂಬಿದ ಬುಟ್ಟಿಗಳಲ್ಲಿಟ್ಟು ಮರಿ ಮಾಡಿಸುವ ಪದ್ಧತಿಯಿದೆ. ಅರ್ಧ ಬೆಳೆದ ಹಳೆ ಮೊಟ್ಟೆಗಳ ಮೈಬಿಸಿಯೇ ಹೊಸ ಮೊಟ್ಟೆಗಳಿಗೆ ಕಾವು.

ಕೈ ಕಟ್ಟಿ ಕೂರುವ ಹೊತ್ತು

ಚಿಪ್ಪಿನಲ್ಲಿ ಮೊದಲ ಬಿರುಕು ಕಂಡ ಮೇಲೆ ಮನೆಮಂದಿಗೆ ತಾಳ್ಮೆ ಇರುವುದಿಲ್ಲ. ಗಂಟೆಗೊಮ್ಮೆ ಮುಚ್ಚಳ ತೆಗೆಯುತ್ತಾರೆ, ತೇವ ಹಾರಿಹೋಗುತ್ತದೆ, ಪೊರೆ ಒಣಗಿ ಮರಿಗೆ ಅಂಟುತ್ತದೆ. ಆಮೇಲೆ "ಪಾಪ, ಬರ್ಲಿಕ್ಕೆ ಆಗ್ತಿಲ್ಲ" ಎಂದು ಉಗುರಿನಲ್ಲಿ ಚಿಪ್ಪು ಕೀಳುತ್ತಾರೆ. ರಕ್ತ ಬರುತ್ತದೆ.

ಬಾತುಮರಿಗೆ ಮೊದಲ ಬಿರುಕಿನಿಂದ ಹೊರಬರಲು ಒಂದು ದಿನ ಹಿಡಿಯುವುದು ಸಾಮಾನ್ಯ, ಎರಡು ದಿನವೂ ಆದೀತು. ಮರಿ ಸುಮ್ಮನೆ ಮಲಗಿದೆ ಎಂದುಕೊಳ್ಳುವ ಹೊತ್ತಿನಲ್ಲಿ ಪೊರೆಯ ರಕ್ತನಾಳಗಳ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿರುತ್ತದೆ. ಆ ಹಳದಿಯೇ ಅದರ ಮೊದಲ ಎರಡು ದಿನದ ಊಟ. ಹೊರಬಂದ ಮರಿ ಮೈ ಒಣಗುವ ತನಕ ಪೆಟ್ಟಿಗೆಯಲ್ಲೇ ಇದ್ದರೆ ಏನೂ ಆಗದು.

ಮನೆಯೊಡತಿಗೆ ಡಾಕ್ಟ್ರು ಹೇಳಿಹೋದದ್ದು ಇಷ್ಟೇ: ಇನ್ನೆರಡು ಗಂಡು ತಾ, ಮೊಟ್ಟೆ ಆರು ದಿನಕ್ಕಿಂತ ಹೆಚ್ಚು ಇಡಬೇಡ, ಮಳೆ ನಿಲ್ಲುವ ತನಕ ಒಂದು ತೊಟ್ಟಿಗೆ ಅರ್ಧ ಮಾತ್ರ ನೀರು ಹಾಕಿ ತೂಕ ನೋಡು. ಹೊಸ ಯಂತ್ರ ಕೊಳ್ಳಲು ಹೇಳಲಿಲ್ಲ.

ಬಾತಿನ ಮೊಟ್ಟೆ ಕೋಳಿಮೊಟ್ಟೆಯಷ್ಟು ಸಲೀಸಾಗಿ ಒಲಿಯುವುದಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ಇಟ್ಟ ಹತ್ತರಲ್ಲಿ ಏಳು ಮರಿಯಾದರೆ ಒಳ್ಳೆಯ ಫಲವೆಂದೇ ತಿಳಿಯಿರಿ. ಐದಕ್ಕಿಂತ ಕಡಿಮೆ ಬಂದರೆ, ಮುಂದಿನ ಸಲ ಮೊಟ್ಟೆ ಇಡುವ ಮೊದಲು ಉಳಿದವನ್ನು ಒಡೆದು ನೋಡಿ, ಯಾವ ಗುಂಪಿನಲ್ಲಿ ಎಷ್ಟೆಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಒಡೆಯುವುದು ಮಾತ್ರ ಹೊರಗೆ, ಗಾಳಿಗೆ ಬೆನ್ನು ಮಾಡಿ ಕೂತು.